ಕಿಟಕಿಯ ಆಟ, ಸೇಬಿನ ಅಂಗಳ

ಅಮೆರಿಕದ ವಾಲ್ವ್ ಕಂಪನಿ 2010ರ ಮೇ ತಿಂಗಳಲ್ಲಿ ಆಪಲ್ ಗಣಕ ಇಟ್ಟುಕೊಂಡಿದ್ದವರಿಗೆ ಒಂದು ಉಡುಗೊರೆ ಕೊಟ್ಟಿತು. ತಾನು ನಡೆಸುವ ‘ಸ್ಟೀಮ್’ ಎಂಬ ಆಟಗಳ ಅಂಗಡಿ ಆಪಲ್‌ನ ಮ್ಯಾಕ್ ಗಣಕಗಳಿಗೂ ಬಂದ ಸಂಭ್ರಮಕ್ಕೆ, ‘ಪೋರ್ಟಲ್’ ಎಂಬ ಹೆಸರಾಂತ ಆಟವನ್ನು ಕೆಲವು ದಿನ ಪುಕ್ಕಟೆ ಹಂಚಿತು. ಗೋಡೆಯಲ್ಲೊಂದು ಕಿಂಡಿ, ನೆಲದಲ್ಲೊಂದು ಕಿಂಡಿ ತೆರೆದು, ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಂದು ಒಗಟು ಬಿಡಿಸುವ ಜಾಣತನದ ಆಟ ಅದು. ಅಂದು ಪಡೆದ ಆ ಮ್ಯಾಕ್ ಆವೃತ್ತಿಯನ್ನು ಇಂದಿನ ಹೊಸ ಮ್ಯಾಕ್‌ನಲ್ಲಿ ತೆರೆಯಹೊರಟರೆ ತೆರೆಯುವುದಿಲ್ಲ. ಆದರೆ ಅದೇ ಆಟದ ವಿಂಡೋಸ್ ಆವೃತ್ತಿಯನ್ನು ಸ್ವಲ್ಪ ಉಪಾಯ ಮಾಡಿ ಅದೇ ಹೊಸ ಮ್ಯಾಕ್‌ನಲ್ಲಿ ಆಡಬಹುದು. ಮನೆಯ ಮಗನಿಗೆ ಕದ ಮುಚ್ಚಿದೆ, ಪರವೂರಿನ ನೆಂಟ ಒಳಗೆ ಊಟಕ್ಕೆ ಕುಳಿತಿದ್ದಾನೆ!

ಇದು ಹೇಗಾಯಿತು ಎಂದು ತಿಳಿಯಬೇಕಾದರೆ, ಒಂದು ಗಣಕಕ್ಕೆಂದು ಬರೆದ ಆಟ ಇನ್ನೊಂದರಲ್ಲಿ ಏಕೆ ನಡೆಯುವುದಿಲ್ಲ ಎಂಬಲ್ಲಿಂದ ಆರಂಭಿಸಬೇಕು. ಸಿನಿಮಾ ರೀಲಿಗೆ ಈ ತೊಡಕು ಇರಲಿಲ್ಲ. ಬೆಂಗಳೂರಿನ ಟಾಕೀಸಿನಲ್ಲಿ ಓಡಿದ ರೀಲು ಹಳ್ಳಿಯ ಟೂರಿಂಗ್ ಟಾಕೀಸಿನಲ್ಲೂ ಓಡುತ್ತಿತ್ತು. ಗಣಕದ ಆಟ ಅಂಥ ಸಿದ್ಧ ಚಿತ್ರಗಳ ಸುರುಳಿ ಅಲ್ಲ. ಅದು ಆಜ್ಞೆಗಳ ಕಂತೆ. ಆಡುವವನು ಗುಂಡಿ ಒತ್ತಿದಾಗಲೆಲ್ಲ ಮುಂದಿನ ಚಿತ್ರ ಹೇಗಿರಬೇಕೆಂದು ಯಂತ್ರ ಆ ಗಳಿಗೆಯಲ್ಲೇ ಲೆಕ್ಕ ಹಾಕಿ ಬಿಡಿಸಬೇಕು. ಆ ಲೆಕ್ಕದ ಆಜ್ಞೆಗಳು ಯಂತ್ರದಿಂದ ಯಂತ್ರಕ್ಕೆ ಬೇರೆ.

ಮೊದಲ ಅಡ್ಡಗೋಡೆ ಪ್ರೊಸೆಸರ್, ಅಂದರೆ ಲೆಕ್ಕ ಮಾಡುವ ಚಿಪ್ಪು. ‘ಈ ಎರಡು ಸಂಖ್ಯೆಗಳನ್ನು ಕೂಡು’ ಎಂಬ ಸರಳ ಆಜ್ಞೆಯನ್ನೇ ಇಂಟೆಲ್ ಬಗೆಯ ಚಿಪ್ಪಿಗೆ ಒಂದು ಅಂಕೆಯಲ್ಲಿ ಹೇಳಬೇಕು, ಇಂದಿನ ಮ್ಯಾಕ್‌ನಲ್ಲಿರುವ ಆರ್ಮ್ ಬಗೆಯ ಚಿಪ್ಪಿಗೆ ಮತ್ತೊಂದು ಅಂಕೆಯಲ್ಲಿ. ಇಂಟೆಲ್‌ನ ಆಜ್ಞೆಗಳು 1 ಬೈಟಿನಿಂದ 15 ಬೈಟಿನವರೆಗೆ ಉದ್ದಗಿಡ್ಡ ಇರುತ್ತವೆ. ಆರ್ಮ್‌ನ 64 ಬಿಟ್ ಭಾಷೆಯಲ್ಲಿ ಎಲ್ಲವೂ ಅಚ್ಚುಕಟ್ಟಾಗಿ 4 ಬೈಟು.

ಎರಡನೆಯದು ಆಪರೇಟಿಂಗ್ ಸಿಸ್ಟಮ್. ಇದನ್ನು ಛತ್ರದ ಪಾರುಪತ್ಯಗಾರ ಎನ್ನಬಹುದು. ಬಂದ ತಂತ್ರಾಂಶಕ್ಕೆ ಜಾಗ ಕೊಡುವವನು, ಉಗ್ರಾಣದ ಬೀಗ ತೆಗೆದು ಕಡತ ತಂದುಕೊಡುವವನು, ಧ್ವನಿವರ್ಧಕಕ್ಕೆ ಶಬ್ದ ಮುಟ್ಟಿಸುವವನು ಎಲ್ಲವೂ ಅವನೇ. ಆಟ ತಾನಾಗಿ ಯಾವುದಕ್ಕೂ ಕೈ ಹಾಕುವುದಿಲ್ಲ, ಅವನನ್ನೇ ಕೇಳುತ್ತದೆ. ಒಂದು ಕಡತ ಬೇಕಾದಾಗ ವಿಂಡೋಸ್ ಆಟ ‘ಕ್ರಿಯೇಟ್ ಫೈಲ್’ ಎಂದು ಕೂಗುತ್ತದೆ. ಮ್ಯಾಕ್‌ನ ಪಾರುಪತ್ಯಗಾರ ‘ಓಪನ್’ ಎಂಬ ಕರೆಗೆ ಮಾತ್ರ ಓಗೊಡುತ್ತಾನೆ. ಇಂಥ ಕರೆಗಳು ಒಂದೆರಡಲ್ಲ, ಸಾವಿರಾರು.

ಮೂರನೆಯ ಗೋಡೆ ಚಿತ್ರ ಬರೆಯುವ ಕೆಲಸದ್ದು. ಇಂದಿನ ಆಟಗಳಲ್ಲಿ ಕಾಣುವ ಮನೆ, ಮರ, ಮುಖ ಎಲ್ಲವೂ ಸಣ್ಣ ತ್ರಿಕೋನಗಳಿಂದ ಕಟ್ಟಿದವು. ಆ ತ್ರಿಕೋನಗಳ ಪಟ್ಟಿಯನ್ನು ಚಿತ್ರಕ್ಕೆಂದೇ ಇರುವ ಪ್ರತ್ಯೇಕ ಚಿಪ್ಪಿಗೆ ಒಪ್ಪಿಸಬೇಕು. 1995ರಲ್ಲಿ ಮೈಕ್ರೋಸಾಫ್ಟ್, ಹಳೆಯ ಡಾಸ್‌ಗೆ ಅಂಟಿಕೊಂಡಿದ್ದ ಆಟಗಾರಿಕೆಯವರನ್ನು ವಿಂಡೋಸ್‌ಗೆ ಸೆಳೆಯಲು ‘ಡೈರೆಕ್ಟ್ ಎಕ್ಸ್’ ಎಂಬ ಸಾಧನಗಳ ಗೊಂಚಲನ್ನು ಹೊರತಂದಿತು. ಆ ಗೊಂಚಲಿನಲ್ಲಿ ಚಿತ್ರದ ಭಾಷೆ ‘ಡೈರೆಕ್ಟ್ 3ಡಿ’. ಮ್ಯಾಕ್‌ನಲ್ಲಿ ಅದು ಇಲ್ಲವೇ ಇಲ್ಲ. ಅಲ್ಲಿ ಹಿಂದೆ ‘ಓಪನ್ ಜಿಎಲ್’ ಇತ್ತು, 2015ರಿಂದ ಆಪಲ್‌ನ ಸ್ವಂತ ‘ಮೆಟಲ್’ ಇದೆ.

ಈ ತಾಪತ್ರಯ ಕನ್ನಡಿಗರಿಗೆ ಹೊಸದೇನಲ್ಲ. ‘ನುಡಿ’, ‘ಬರಹ’ಗಳ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ ಲಗ್ನಪತ್ರಿಕೆ, ಆ ಅಕ್ಷರಶೈಲಿ ಇಲ್ಲದ ಯಂತ್ರಕ್ಕೆ ಹೋದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೆರೆದುಕೊಂಡದ್ದನ್ನು ಕಂಡವರು ಬಹಳ ಮಂದಿ. ಬರೆದದ್ದು ಕಳೆದುಹೋಗಿರುವುದಿಲ್ಲ, ಓದುವವನಿಗೆ ಲಿಪಿ ಗೊತ್ತಿಲ್ಲ, ಅಷ್ಟೆ.

ಮ್ಯಾಕ್‌ಗೆ ಆಟವೇ ಒಗ್ಗದು ಎಂಬ ಮಾತು ಈಗ ರೂಢಿಯಲ್ಲಿದೆ. ಮೊದಲು ಹಾಗಿರಲಿಲ್ಲ. 1993ರಲ್ಲಿ ಬಂದು ಲಕ್ಷಾಂತರ ಪ್ರತಿ ಮಾರಾಟವಾದ ‘ಮಿಸ್ಟ್’ ಆಟವನ್ನು ಮಿಲ್ಲರ್ ಸಹೋದರರು ಕಟ್ಟಿದ್ದು ಮ್ಯಾಕ್‌ನಲ್ಲೇ, ಅದೂ ಆಪಲ್‌ನ ‘ಹೈಪರ್‌ಕಾರ್ಡ್’ ಎಂಬ ತಂತ್ರಾಂಶ ಬಳಸಿ. ವಿಂಡೋಸ್‌ನವರು ಅದನ್ನು ಆಡಲು ಮರುವರ್ಷದವರೆಗೆ ಕಾಯಬೇಕಾಯಿತು. ಷಿಕಾಗೋದ ಬಂಜಿ ಎಂಬ ಪುಟ್ಟ ಕಂಪನಿ 1994ರಲ್ಲಿ ‘ಮ್ಯಾರಥಾನ್’ ಎಂಬ ಆಟವನ್ನು ಮ್ಯಾಕ್‌ಗೆಂದೇ ಹೊರತಂದು ಹೆಸರು ಮಾಡಿತು. 1999ರ ಜುಲೈನಲ್ಲಿ ನ್ಯೂಯಾರ್ಕಿನ ಮ್ಯಾಕ್‌ವರ್ಲ್ಡ್ ಸಮಾವೇಶದಲ್ಲಿ ಸ್ಟೀವ್ ಜಾಬ್ಸ್ ಸ್ವತಃ ವೇದಿಕೆಯ ಮೇಲೆ ಬಂಜಿಯ ಹೊಸ ಆಟ ‘ಹೇಲೋ’ವನ್ನು ಪರಿಚಯಿಸಿದಾಗ, ಮ್ಯಾಕ್ ಆಟಗಳಿಗೆ ಒಳ್ಳೆಯ ಕಾಲ ಬಂತೆಂದು ಅಭಿಮಾನಿಗಳು ಹಿಗ್ಗಿದರು. ಒಂದು ವರ್ಷ ತುಂಬುವ ಮೊದಲೇ, 2000ದ ಜೂನ್‌ನಲ್ಲಿ, ಮೈಕ್ರೋಸಾಫ್ಟ್ ಬಂಜಿಯನ್ನೇ ಕೊಂಡುಬಿಟ್ಟಿತು. ‘ಹೇಲೋ’ 2001ರಲ್ಲಿ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಆಟದ ಪೆಟ್ಟಿಗೆಯ ಜೊತೆಗೆ ಬಂತು. ಮ್ಯಾಕ್‌ಗೆ ಬರುವ ಹೊತ್ತಿಗೆ 2003ರ ಡಿಸೆಂಬರ್. ನಿಶ್ಚಿತಾರ್ಥ ಒಂದು ಕಡೆ, ಮದುವೆ ಇನ್ನೊಂದು ಕಡೆ.

ಕಾರಣ ವ್ಯಾಪಾರದ್ದು. ವಿಂಡೋಸ್ ಗಣಕಗಳು ಊರ ತುಂಬ ಇದ್ದವು, ಮ್ಯಾಕ್‌ಗಳು ಅಲ್ಲೊಂದು ಇಲ್ಲೊಂದು. ಒಂದು ಆಟವನ್ನು ಮ್ಯಾಕ್‌ಗೆ ಹೊಸದಾಗಿ ಒಗ್ಗಿಸುವ ಖರ್ಚು ಮಾರಾಟದಿಂದ ಹುಟ್ಟುವುದೇ ಅನುಮಾನವಾಗಿತ್ತು. ಆದ್ದರಿಂದ ಆಟ ಆಡುವ ಮ್ಯಾಕ್ ಒಡೆಯರು ತಮ್ಮ ದಾರಿಯನ್ನು ತಾವೇ ಹುಡುಕಿಕೊಳ್ಳಬೇಕಾಯಿತು.

ಮೊದಲ ದಾರಿ ಒಂದು ಗಣಕದ ಹೊಟ್ಟೆಯಲ್ಲಿ ಇನ್ನೊಂದನ್ನು ಕೂರಿಸುವುದು. 1994ರಲ್ಲಿ ಆಪಲ್ ‘ಕ್ವಾಡ್ರಾ 610’ ಮಾದರಿಯ ಒಂದು ಬಗೆಯಲ್ಲಿ ಇಂಟೆಲ್ 486 ಚಿಪ್ಪಿದ್ದ ಹಲಗೆಯನ್ನೇ ಸೇರಿಸಿ ಮಾರಿತು. ದುಬಾರಿಯ ದಾರಿ. ಎರಡನೆಯದು ವೇಷ ಹಾಕುವುದು. 1997ರಲ್ಲಿ ಕನೆಕ್ಟಿಕ್ಸ್ ಕಂಪನಿ ತಂದ ‘ವರ್ಚುಯಲ್ ಪಿಸಿ’, ಮ್ಯಾಕ್‌ನೊಳಗೆ ಇಡೀ ಒಂದು ಇಂಟೆಲ್ ಗಣಕದ ಸೋಗು ಹಾಕುತ್ತಿತ್ತು. ವಿಂಡೋಸ್ ತಾನು ನಿಜವಾದ ಪಿಸಿಯಲ್ಲೇ ಇದ್ದೇನೆಂದು ನಂಬಿ ಕೆಲಸ ಮಾಡುತ್ತಿತ್ತು. ಇಂಥ ವೇಷಧಾರಿ ತಂತ್ರಾಂಶಕ್ಕೆ ‘ಎಮ್ಯುಲೇಟರ್’ ಎಂದು ಹೆಸರು. ಪತ್ರ ಬರೆಯಲು, ಲೆಕ್ಕ ನೋಡಲು ಇದು ಸಾಕು. ಆಟಕ್ಕೆ ಸಾಲದು. ಪ್ರತಿ ಆಜ್ಞೆಯನ್ನೂ ನಡುವೆ ನಿಂತು ತಿರುಗಿಸಿ ಹೇಳುವಾಗ ವೇಗ ಕುಸಿಯುತ್ತದೆ, ಸೆಕೆಂಡಿಗೆ 30 ಚಿತ್ರ ಬರೆಯಬೇಕಾದ ಆಟ ಕುಂಟುತ್ತದೆ.

2006ರ ಜನವರಿಯಲ್ಲಿ ಪರಿಸ್ಥಿತಿ ತಲೆಕೆಳಗಾಯಿತು. ಆಪಲ್ ತನ್ನ ಹಳೆಯ ಪವರ್‌ಪಿಸಿ ಚಿಪ್ಪನ್ನು ಬಿಟ್ಟು ಇಂಟೆಲ್ ಚಿಪ್ಪಿನ ಮ್ಯಾಕ್‌ಗಳನ್ನು ತಂದಿತು. ಮೊದಲ ಗೋಡೆ ತಾನಾಗಿ ಬಿತ್ತು! ಈ ಹೊಸ ಮ್ಯಾಕ್‌ನಲ್ಲಿ ವಿಂಡೋಸ್ ಎಕ್ಸ್‌ಪಿ ಹಾಕಿ ತೋರಿಸಿದವರಿಗೆಂದು ಉತ್ಸಾಹಿಗಳು ಚಂದಾ ಎತ್ತಿ 13 ಸಾವಿರ ಡಾಲರಿಗೂ ಹೆಚ್ಚಿನ ಬಹುಮಾನ ಒಟ್ಟುಮಾಡಿದರು, ಮಾರ್ಚ್‌ನಲ್ಲಿ ಅದನ್ನು ಗೆದ್ದವರೂ ಸಿಕ್ಕರು. ಏಪ್ರಿಲ್‌ನಲ್ಲಿ ಆಪಲ್ ತಾನೇ ‘ಬೂಟ್ ಕ್ಯಾಂಪ್’ ಹೊರತಂದು, ಒಂದೇ ಯಂತ್ರದಲ್ಲಿ ಬೇಕೆಂದಾಗ ಮ್ಯಾಕ್, ಬೇಕೆಂದಾಗ ವಿಂಡೋಸ್ ತೆರೆಯುವ ಅನುಕೂಲ ಮಾಡಿಕೊಟ್ಟಿತು. ಇಲ್ಲಿ ವೇಷವೂ ಇಲ್ಲ, ಅನುವಾದವೂ ಇಲ್ಲ. ಗಣಕವನ್ನು ಆರಿಸಿ ಮತ್ತೆ ಹೊತ್ತಿಸಿದರೆ ಅದು ಪೂರ್ತಿ ವಿಂಡೋಸ್ ಗಣಕ. ಮುಂದಿನ 14 ವರ್ಷ ಆಟಪ್ರಿಯ ಮ್ಯಾಕ್ ಒಡೆಯರಿಗೆ ಇದೇ ರಾಜಮಾರ್ಗ. ವಿಂಡೋಸ್ ಪರವಾನಗಿಗೆ ಪ್ರತ್ಯೇಕ ಹಣ ತೆರಬೇಕಿತ್ತು, ಡಿಸ್ಕಿನಲ್ಲಿ ಒಂದಷ್ಟು ಜಾಗ ಬಿಟ್ಟುಕೊಡಬೇಕಿತ್ತು ಎಂಬುದಷ್ಟೇ ಗೊಣಗಾಟ.

ಇದರ ಜೊತೆಗೇ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ಅದೇ ಈ ಕಥೆಯ ಮುಖ್ಯ ಭಾಗ. 1993ರಲ್ಲಿ ಬಾಬ್ ಆಮ್‌ಸ್ಟಡ್ಟ್ ಮತ್ತು ಎರಿಕ್ ಯಂಗ್‌ಡೇಲ್ ಎಂಬಿಬ್ಬರು, ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸುವ ಆಸೆಯಿಂದ ‘ವೈನ್’ ಎಂಬ ಯೋಜನೆಯನ್ನು ಆರಂಭಿಸಿದರು. ಮರುವರ್ಷ ಅದರ ಹೊಣೆ ಹೊತ್ತ ಅಲೆಕ್ಸಾಂಡ್ರ್ ಜುಲಿಯಾರ್ ಅಲ್ಲಿಂದ ಮುಂದೆ ದಶಕಗಳ ಕಾಲ ಅದನ್ನು ಬಿಡದೆ ನಡೆಸಿಕೊಂಡು ಬಂದರು. ಹೆಸರಿನ ವಿಸ್ತರಣೆ ‘ವೈನ್ ಈಸ್ ನಾಟ್ ಆನ್ ಎಮ್ಯುಲೇಟರ್’, ತಾನು ವೇಷಧಾರಿಯಲ್ಲ ಎಂಬ ಘೋಷಣೆ. ವೈನ್ ಪಿಸಿಯ ಸೋಗು ಹಾಕುವುದಿಲ್ಲ, ಅದಕ್ಕೆ ವಿಂಡೋಸ್ ಬೇಕಾಗಿಯೂ ಇಲ್ಲ. ಅದು ಬದಲಿ ಪಾರುಪತ್ಯಗಾರ. ಆಟ ‘ಕ್ರಿಯೇಟ್ ಫೈಲ್’ ಎಂದು ಕೂಗಿದಾಗ, ಮೈಕ್ರೋಸಾಫ್ಟಿನವನ ಜಾಗದಲ್ಲಿ ನಿಂತು ಓಗೊಟ್ಟು, ಊರಿನ ಪಾರುಪತ್ಯಗಾರನಿಗೆ ‘ಓಪನ್’ ಎಂದು ಹೇಳಿ, ಕಡತ ತರಿಸಿ ಕೈಗಿಡುತ್ತದೆ. ಆಟದ ಲೆಕ್ಕವೆಲ್ಲ ಚಿಪ್ಪಿನಲ್ಲಿ ನೇರವಾಗಿಯೇ ನಡೆಯುವುದರಿಂದ ವೇಗ ಅಷ್ಟಾಗಿ ಕುಂದುವುದಿಲ್ಲ.

ಕೇಳಲು ಸುಲಭ. ಆದರೆ ಮೈಕ್ರೋಸಾಫ್ಟಿನ ಒಳಗಿನ ಬರಹವನ್ನು ನೋಡುವಂತಿಲ್ಲ. ಅದನ್ನು ಒಮ್ಮೆ ಓದಿದವರಿಂದ ಕೆಲಸ ಸ್ವೀಕರಿಸುವುದಿಲ್ಲ ಎಂಬ ಮಡಿಯನ್ನು ವೈನ್ ಬಳಗ ಇಂದಿಗೂ ಪಾಲಿಸುತ್ತದೆ. ಕಾನೂನಿನ ತಕರಾರು ಬರಬಾರದೆಂಬ ಎಚ್ಚರ ಅದು. ಹಾಗಾದರೆ ವಿಂಡೋಸ್ ಹೇಗೆ ಉತ್ತರಿಸುತ್ತದೆಂದು ತಿಳಿಯುವುದು ಹೇಗೆ? ಹೊರಗಿನಿಂದ ಪ್ರಶ್ನೆ ಕೇಳಿ. ಸಣ್ಣ ಸಣ್ಣ ಪರೀಕ್ಷೆಗಳನ್ನು ಬರೆದು, ನಿಜವಾದ ವಿಂಡೋಸ್‌ನಲ್ಲಿ ಓಡಿಸಿ, ಬಂದ ಉತ್ತರದಂತೆಯೇ ವೈನ್ ಉತ್ತರಿಸುವವರೆಗೆ ತಿದ್ದುವುದು. ವಿಂಡೋಸ್ ತಪ್ಪು ಉತ್ತರ ಕೊಟ್ಟರೆ ಅದೇ ತಪ್ಪನ್ನೂ ಕಲಿಯಬೇಕು, ಏಕೆಂದರೆ ಯಾವುದೋ ಹಳೆಯ ಆಟ ಆ ತಪ್ಪನ್ನೇ ನೆಚ್ಚಿಕೊಂಡಿರುತ್ತದೆ. ಈ ಯೋಜನೆಯ 1.0 ಆವೃತ್ತಿ ಬರಲು 15 ವರ್ಷ ಹಿಡಿದದ್ದು, 2008ರ ಜೂನ್‌ನಲ್ಲಿ ಅದು ಬಂದದ್ದು, ಆಶ್ಚರ್ಯವಲ್ಲ. ಈ ಕೆಲಸಕ್ಕೆ ಬೆನ್ನೆಲುಬಾಗಿ ನಿಂತ ಮಿನ್ನೆಸೋಟ ರಾಜ್ಯದ ಕೋಡ್‌ವೀವರ್ಸ್ ಕಂಪನಿ, ಮ್ಯಾಕ್‌ಗೆ ಇಂಟೆಲ್ ಚಿಪ್ಪು ಬಂದ ಕೂಡಲೇ ಅವಕಾಶ ಕಂಡು, 2007ರಲ್ಲಿ ‘ಕ್ರಾಸ್‌ಓವರ್’ ಎಂಬ ಹೆಸರಿನಲ್ಲಿ ವೈನ್ ಅನ್ನು ಮ್ಯಾಕ್ ಬಳಕೆದಾರರಿಗೆ ಮಾರತೊಡಗಿತು.

ಇಂಥ ಅನುಕರಣೆ ನ್ಯಾಯವೇ ಎಂಬ ಪ್ರಶ್ನೆ ಸಹಜ. ಅಮೆರಿಕದ ನ್ಯಾಯಾಲಯಗಳ ಎರಡು ತೀರ್ಪುಗಳು ಇಲ್ಲಿ ಪ್ರಸ್ತುತ. ಸೋನಿಯ ಪ್ಲೇಸ್ಟೇಷನ್ ಆಟಗಳನ್ನು ಮ್ಯಾಕ್‌ನಲ್ಲಿ ನಡೆಸುವ ತಂತ್ರಾಂಶವನ್ನು 1999ರಲ್ಲಿ ಅದೇ ಕನೆಕ್ಟಿಕ್ಸ್ ತಂದಾಗ ಸೋನಿ ದಾವೆ ಹೂಡಿತು. 2000ದಲ್ಲಿ ಮೇಲ್ಮನವಿ ನ್ಯಾಯಾಲಯ, ಯಂತ್ರದ ಒಳಗುಟ್ಟು ತಿಳಿಯಲು ಕನೆಕ್ಟಿಕ್ಸ್ ಮಾಡಿದ ನಕಲು ನ್ಯಾಯಯುತ ಬಳಕೆಯೇ ಎಂದಿತು. ಸೋನಿ ಮರುವರ್ಷ ಆ ತಂತ್ರಾಂಶವನ್ನೇ ಕೊಂಡು ಮೂಲೆಗೆ ಹಾಕಿತು ಎಂಬುದು ಬೇರೆ ಮಾತು. 2021ರ ಏಪ್ರಿಲ್‌ನಲ್ಲಿ ಗೂಗಲ್ ಮತ್ತು ಒರಾಕಲ್ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಜಾವಾ ಭಾಷೆಯ ಸುಮಾರು 11,500 ಸಾಲುಗಳ ‘ಕರೆಗಳ ಪಟ್ಟಿ’ಯನ್ನು ಗೂಗಲ್ ಬಳಸಿಕೊಂಡದ್ದೂ ನ್ಯಾಯಯುತ ಬಳಕೆ ಎಂದು ತೀರ್ಮಾನಿಸಿತು.

ಇನ್ನು ಮನೆಮಗನಿಗೆ ಕದ ಮುಚ್ಚಿದ ಸಂಗತಿ. ಆಪಲ್‌ಗೆ ಹಳೆಯದನ್ನು ಹೊತ್ತುಕೊಂಡು ಹೋಗುವ ಅಭ್ಯಾಸ ಕಡಿಮೆ. ಚಿಪ್ಪು ಬದಲಿಸಿದಾಗಲೆಲ್ಲ ಒಬ್ಬ ದುಭಾಷಿಯನ್ನು ನೇಮಿಸುತ್ತದೆ, ಕೆಲವು ವರ್ಷ ಕಳೆದ ಮೇಲೆ ಅವನನ್ನು ಮನೆಗೆ ಕಳಿಸುತ್ತದೆ. 20ನೇ ಶತಮಾನದ ಮ್ಯಾಕ್ ತಂತ್ರಾಂಶಗಳನ್ನು ನಡೆಸುತ್ತಿದ್ದ ‘ಕ್ಲಾಸಿಕ್’ ವ್ಯವಸ್ಥೆ 2007ರಲ್ಲಿ ಹೋಯಿತು. ಪವರ್‌ಪಿಸಿ ಆಜ್ಞೆಗಳನ್ನು ಇಂಟೆಲ್‌ಗೆ ತಿಳಿಸಿಹೇಳುತ್ತಿದ್ದ ‘ರೊಸೆಟ್ಟಾ’, ಈಜಿಪ್ಟಿನ ಪ್ರಾಚೀನ ಲಿಪಿಯನ್ನು ಓದಲು ನೆರವಾದ ಶಿಲೆಯ ಹೆಸರು ಹೊತ್ತದ್ದು, 2011ರಲ್ಲಿ ಹೋಯಿತು. 2019ರ ಅಕ್ಟೋಬರಿನಲ್ಲಿ ಬಂದ ‘ಕ್ಯಾಟಲಿನಾ’ ಆವೃತ್ತಿ 32 ಬಿಟ್ ತಂತ್ರಾಂಶಗಳಿಗೆಲ್ಲ ವಿದಾಯ ಹೇಳಿತು. 32 ಬಿಟ್ ಎಂದರೆ ನೆನಪಿನ ಕೋಶಗಳಿಗೆ ಕೊಡಬಹುದಾದ ಮನೆ ಸಂಖ್ಯೆಗಳು ಸುಮಾರು 429 ಕೋಟಿಗೆ ಮುಗಿಯುತ್ತವೆ. ಗಣಕಗಳ ನೆನಪು ಅದನ್ನು ಮೀರಿ ಬೆಳೆದದ್ದರಿಂದ 64 ಬಿಟ್‌ಗೆ ಹೋಗುವುದು ಸರಿಯೇ. ಆದರೆ ಹೊಸದಕ್ಕೆ ಹೋಗಲು ಹಳೆಯದನ್ನು ಕಿತ್ತೇ ಹಾಕಬೇಕೆಂಬ ನಿಯಮವಿಲ್ಲ. ವಿಂಡೋಸ್ 11 ಕೂಡ 32 ಬಿಟ್ ತಂತ್ರಾಂಶಗಳನ್ನು ನಡೆಸುತ್ತದೆ.

ಪತ್ರ ಬರೆಯುವ, ಚಿತ್ರ ತಿದ್ದುವ ತಂತ್ರಾಂಶಗಳಾದರೆ ವರ್ಷಕ್ಕೊಮ್ಮೆ ಹೊಸ ರೂಪ ಪಡೆಯುತ್ತವೆ, ಆದ್ದರಿಂದ ಉಳಿದುಕೊಳ್ಳುತ್ತವೆ. ಆಟ ಹಾಗಲ್ಲ. ಕಾದಂಬರಿಯಂತೆ ಒಮ್ಮೆ ಬರೆದು ಮುಗಿಸಿದ ಕೃತಿ ಅದು. ಮಾಡಿದ ತಂಡ ಚದುರಿರುತ್ತದೆ, ಕೆಲವೊಮ್ಮೆ ಕಂಪನಿಯೇ ಮುಚ್ಚಿರುತ್ತದೆ. ಹತ್ತು ವರ್ಷದ ಹಳೆಯ ಆಟವನ್ನು 64 ಬಿಟ್‌ಗೆ ಏರಿಸುವವರು ಯಾರು? ‘ಪೋರ್ಟಲ್’, ‘ಹಾಫ್-ಲೈಫ್ 2’ ಮುಂತಾದವುಗಳ ಮ್ಯಾಕ್ ಆವೃತ್ತಿಗಳನ್ನು ವಾಲ್ವ್‌ನಂಥ ಸಿರಿವಂತ ಕಂಪನಿಯೂ ಏರಿಸಲಿಲ್ಲ. ದುಡ್ಡು ಕೊಟ್ಟು ಕೊಂಡವರ ಆಟಗಳು ಒಂದು ರಾತ್ರಿಯ ‘ಅಪ್‌ಡೇಟ್’ನಲ್ಲಿ ಸುಮ್ಮನಾದವು.

ಇದೇ ಹೊತ್ತಿನಲ್ಲಿ ವೈನ್ ಬಳಗದ ಜಾಣ್ಮೆ ಕಂಡಿತು. ಚಿಪ್ಪಿಗೆ 32 ಬಿಟ್ ಆಜ್ಞೆಗಳು ಅರ್ಥವಾಗುತ್ತಲೇ ಇದ್ದವು. ಇಲ್ಲವಾದದ್ದು ಓಗೊಡುವ ಪಾರುಪತ್ಯಗಾರ ಮಾತ್ರ. ವಿಂಡೋಸ್ ಆಟಗಳಿಗೆ ಪಾರುಪತ್ಯಗಾರ ಆಪಲ್‌ನವನಲ್ಲ, ವೈನ್! ವೈನ್ ಅನ್ನು 64 ಬಿಟ್ ಆಗಿಸಿ, 32 ಬಿಟ್ ಆಟದ ಕರೆಗಳು ಬಂದಾಗ ಗಡಿಯಲ್ಲಿ ಸಂಖ್ಯೆಗಳ ಅಳತೆಯನ್ನು ಬದಲಿಸಿಕೊಳ್ಳುವ ಉಪಾಯವನ್ನು ಕೋಡ್‌ವೀವರ್ಸ್ ರೂಪಿಸಿತು. ಕ್ಯಾಟಲಿನಾ ಬಂದ ಎರಡು ತಿಂಗಳಲ್ಲೇ, 2019ರ ಡಿಸೆಂಬರಿನಲ್ಲಿ, ಅದು ಬಳಕೆದಾರರ ಕೈಗೆ ಬಂತು. ಹೀಗಾಗಿ ಮ್ಯಾಕ್‌ಗೆಂದು ಬರೆದ ‘ಪೋರ್ಟಲ್’ ಮ್ಯಾಕ್‌ನಲ್ಲಿ ಸತ್ತರೂ ವಿಂಡೋಸ್‌ಗೆಂದು ಬರೆದದ್ದು ಬದುಕಿತು.

2020ರ ನವೆಂಬರಿನಲ್ಲಿ ಆಪಲ್ ಮತ್ತೆ ಚಿಪ್ಪು ಬದಲಿಸಿ ತನ್ನದೇ ‘ಎಂ1’ ತಂದಾಗ ಬೂಟ್ ಕ್ಯಾಂಪ್ ಕೊನೆಗೊಂಡಿತು, ಬಿದ್ದ ಗೋಡೆ ಮತ್ತೆ ಎದ್ದಿತು. ಈ ಬಾರಿಯ ದುಭಾಷಿ ‘ರೊಸೆಟ್ಟಾ 2’ ಮಾತ್ರ ಅಸಾಧಾರಣ. ಇಂಟೆಲ್ ಚಿಪ್ಪು ನೆನಪಿನಲ್ಲಿ ಬರೆದದ್ದು ಬರೆದ ಕ್ರಮದಲ್ಲೇ ಉಳಿದವರಿಗೆ ಕಾಣುತ್ತದೆ. ಆರ್ಮ್ ಚಿಪ್ಪುಗಳಿಗೆ ಆ ಕಟ್ಟುಪಾಡಿಲ್ಲ. ಈ ವ್ಯತ್ಯಾಸವನ್ನು ತಂತ್ರಾಂಶದಿಂದ ಸರಿಪಡಿಸಹೊರಟರೆ ಅನುವಾದ ಬಹಳ ನಿಧಾನವಾಗುತ್ತದೆ. ಆಪಲ್ ತನ್ನ ಚಿಪ್ಪಿನೊಳಗೇ, ಬೇಕಾದಾಗ ಇಂಟೆಲ್‌ನ ಕ್ರಮವನ್ನು ಪಾಲಿಸುವ ಏರ್ಪಾಟು ಮಾಡಿತು. ಆದ್ದರಿಂದಲೇ ಇಂದು ವಿಂಡೋಸ್ ಆಟವೊಂದು ಹೊಸ ಮ್ಯಾಕ್‌ನಲ್ಲಿ ನಡೆಯುವಾಗ ಮೂವರು ಅನುವಾದಕರು ಸಾಲಾಗಿ ಕೆಲಸ ಮಾಡುತ್ತಿರುತ್ತಾರೆ. ಚಿಪ್ಪಿನ ಭಾಷೆಗೆ ರೊಸೆಟ್ಟಾ, ಪಾರುಪತ್ಯಕ್ಕೆ ವೈನ್, ಚಿತ್ರದ ಭಾಷೆಗೆ ಮೂರನೆಯವನು. ಮೂವರ ಕೈ ದಾಟಿಯೂ ಆಟ ಆಡುವಷ್ಟು ವೇಗದಲ್ಲಿ ಓಡುವುದು ಸಣ್ಣ ಪವಾಡವೇ ಸರಿ.

ಆ ಮೂರನೆಯವನು ಬಂದದ್ದು ತಡವಾಗಿ. 2018ರ ಆಗಸ್ಟ್‌ನಲ್ಲಿ ವಾಲ್ವ್ ಕಂಪನಿ ಕೋಡ್‌ವೀವರ್ಸ್ ಜೊತೆ ಸೇರಿ, ವೈನ್ ಆಧಾರದ ‘ಪ್ರೋಟಾನ್’ ಅನ್ನು ಲಿನಕ್ಸ್‌ಗೆಂದು ತಂದಿತ್ತು. 2022ರಲ್ಲಿ ಅದು ಮಾರಿದ ‘ಸ್ಟೀಮ್ ಡೆಕ್’ ಎಂಬ ಕೈಯಾಟಿಕೆಯಲ್ಲಿ ವಿಂಡೋಸ್ ಇಲ್ಲದೆ ವಿಂಡೋಸ್ ಆಟಗಳು ಓಡುವುದು ಇದರಿಂದಲೇ. ಆದರೆ ಅದು ಡೈರೆಕ್ಟ್ 3ಡಿಯನ್ನು ತಿರುಗಿಸುವುದು ‘ವಲ್ಕನ್’ ಎಂಬ ಮುಕ್ತ ಭಾಷೆಗೆ, ಆಪಲ್ ವಲ್ಕನ್ ಅನ್ನು ಒಪ್ಪಿಕೊಂಡಿಲ್ಲ. ಲಿನಕ್ಸ್‌ನವರು ಹಬ್ಬ ಮಾಡುವಾಗ ಮ್ಯಾಕ್‌ನವರು ಬೇಲಿಯಾಚೆ ನಿಂತು ನೋಡಬೇಕಾಯಿತು. 2023ರ ಜೂನ್‌ನಲ್ಲಿ ಆಪಲ್ ತಾನೇ ‘ಗೇಮ್ ಪೋರ್ಟಿಂಗ್ ಟೂಲ್‌ಕಿಟ್’ ಪ್ರಕಟಿಸಿತು. ಅದರಲ್ಲಿ ಡೈರೆಕ್ಟ್ 3ಡಿಯನ್ನು ನೇರವಾಗಿ ಮೆಟಲ್‌ಗೆ ತಿರುಗಿಸುವ ಭಾಗವಿತ್ತು. ಉಳಿದ ಕಟ್ಟಡ ಕೋಡ್‌ವೀವರ್ಸ್‌ನ ವೈನ್ ಬರಹವೇ! ಆಟ ತಯಾರಿಸುವವರು ತಮ್ಮ ಆಟ ಮ್ಯಾಕ್‌ನಲ್ಲಿ ಹೇಗೆ ಓಡೀತೆಂದು ಪರೀಕ್ಷಿಸಿ ನೋಡಲಿಕ್ಕೆ ಎಂದು ಆಪಲ್ ಹೇಳಿತು. ಆಡುವವರು ಅಷ್ಟು ದಿನ ಕಾಯಲಿಲ್ಲ. ಕೆಲವೇ ದಿನಗಳಲ್ಲಿ ‘ಸೈಬರ್‌ಪಂಕ್ 2077’ನಂಥ ಭಾರೀ ಆಟಗಳನ್ನು ಮ್ಯಾಕ್‌ನಲ್ಲಿ ಓಡಿಸಿ ತೋರಿಸಿದರು. ಆ ಆಟದ ಅಧಿಕೃತ ಮ್ಯಾಕ್ ಆವೃತ್ತಿ ಬಂದದ್ದು 2025ರ ಜುಲೈನಲ್ಲಿ.

ಎಲ್ಲ ಆಟಗಳೂ ಹೀಗೆ ಬರುವುದಿಲ್ಲ. ‘ವ್ಯಾಲೊರಾಂಟ್’ನಂಥ ಸ್ಪರ್ಧೆಯ ಆಟಗಳು ಮೋಸ ಮಾಡುವವರನ್ನು ಹಿಡಿಯಲು ವಿಂಡೋಸ್‌ನ ಗರ್ಭಗುಡಿಗೇ ಕಾವಲುಗಾರನನ್ನು ಕಳಿಸುತ್ತವೆ. ವೈನ್‌ನಲ್ಲಿ ಅಂಥ ಗರ್ಭಗುಡಿಯೇ ಇಲ್ಲ. ಕಾವಲುಗಾರ ಹೊರಗೇ ನಿಲ್ಲುತ್ತಾನೆ, ಆಟವೂ ನಿಲ್ಲುತ್ತದೆ. ತಮ್ಮ ಆಟದ ಒಳಬರಹವನ್ನೇ ಬಿಚ್ಚಿಟ್ಟವರಿಗೆ ಈ ಯಾವ ದುಭಾಷಿಯ ಹಂಗೂ ಇಲ್ಲ. ಬಂಜಿ 2000ದಲ್ಲಿ ‘ಮ್ಯಾರಥಾನ್ 2’ರ ಮೂಲಬರಹವನ್ನು ಸಾರ್ವಜನಿಕರಿಗೆ ಕೊಟ್ಟಿತು. ಉತ್ಸಾಹಿಗಳು ಅದನ್ನು ‘ಆಲೆಫ್ ಒನ್’ ಎಂಬ ಹೆಸರಿನಲ್ಲಿ ಕಾಲಕಾಲಕ್ಕೆ ತಿದ್ದಿಕೊಂಡು ಬಂದದ್ದರಿಂದ, ಮ್ಯಾರಥಾನ್ ಸರಣಿಯ ಆಟಗಳು ಮ್ಯಾಕ್, ವಿಂಡೋಸ್, ಲಿನಕ್ಸ್ ಮೂರರಲ್ಲೂ ಇಂದು ಪುಕ್ಕಟೆಯಾಗಿ ಸಿಗುತ್ತವೆ. ಇಂಥ ಔದಾರ್ಯ ಈ ಉದ್ಯಮದಲ್ಲಿ ಅಪರೂಪ.

2025ರ ಜೂನ್‌ನಲ್ಲಿ ಆಪಲ್ ರೊಸೆಟ್ಟಾ 2ರ ನಿವೃತ್ತಿಯನ್ನೂ ಪ್ರಕಟಿಸಿತು. ಸಾಮಾನ್ಯ ಬಳಕೆಗೆ ಅದು ಮ್ಯಾಕ್ ಓಎಸ್ 27ರವರೆಗೆ ಮಾತ್ರ. ಆದರೆ ಪ್ರಕಟಣೆಯಲ್ಲಿ ಇನ್ನೊಂದು ಮಾತಿದೆ. ಯಾರೂ ನೋಡಿಕೊಳ್ಳದೆ ಬಿಟ್ಟ ಹಳೆಯ ಆಟಗಳಿಗಾಗಿ ರೊಸೆಟ್ಟಾದ ಒಂದು ಭಾಗವನ್ನು ಆಮೇಲೂ ಉಳಿಸಿಕೊಳ್ಳಲಾಗುವುದು ಎಂದು. 2011ರಲ್ಲಾಗಲಿ 2019ರಲ್ಲಾಗಲಿ ಆಟಗಳಿಗೆ ಇಂಥ ರಿಯಾಯಿತಿ ಸಿಕ್ಕಿರಲಿಲ್ಲ. 2010ರಲ್ಲಿ ಹಂಚಿದ ಮ್ಯಾಕ್ ‘ಪೋರ್ಟಲ್’ಗೆ ಇದರಿಂದ ಪ್ರಯೋಜನವಿಲ್ಲ. ಅದು ಕೇಳುವ 32 ಬಿಟ್ ಪಾರುಪತ್ಯಗಾರ ಕ್ಯಾಟಲಿನಾದ ದಿನವೇ ಹೊರಟುಹೋಗಿದ್ದಾನೆ. ಅದನ್ನು ಅದರ ಮೂಲರೂಪದಲ್ಲೇ ಆಡಬೇಕೆನ್ನುವವರು, 2018ರ ‘ಮೊಹಾವೀ’ ಆವೃತ್ತಿಗೆ ನಿಂತ ಹಳೆಯ ಇಂಟೆಲ್ ಮ್ಯಾಕ್ ಒಂದನ್ನು ‘ಅಪ್‌ಡೇಟ್’ ಮಾಡದೆ ಜೋಪಾನವಾಗಿ ಇಟ್ಟುಕೊಳ್ಳಬೇಕು.